ಎಂಜಿನ್ನಿನ ಮುಂಭಾಗದ ಆಯಿಲ್ ಸೀಲನ್ನು ಮನೆಯಲ್ಲೇ ಬದಲಿಸುವ ಕ್ರಮ

ಪಿಸ್ಟನ್ನುಗಳ ಬಲದಿಂದ ತಿರುಗುವ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮುಂದಿನ ಆಯಿಲ್ ಸೀಲ್ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಉಂಗುರ. ಹೊರಗೆ ತೆಳುವಾದ ಉಕ್ಕಿನ ಕವಚ, ಒಳಗೆ ರಬ್ಬರಿನ ತುಟಿ, ಆ ತುಟಿಯ ಬೆನ್ನಿಗೆ ಸುತ್ತಿಕೊಂಡ ಸಣ್ಣದೊಂದು ಸ್ಪ್ರಿಂಗ್, ಇಷ್ಟೇ ಅದರ ರಚನೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಶಾಫ್ಟನ್ನು ಈ ತುಟಿಯು ಬಹಳ ಕಿರಿದಾದ ಒಂದು ಗೆರೆಯಲ್ಲಿ ಮಾತ್ರ ಮುಟ್ಟಿಕೊಂಡಿದ್ದು, ಎಂಜಿನ್ನಿನೊಳಗಿನ ಎಣ್ಣೆಯನ್ನು ಒಳಗೇ ತಡೆದಿಡುತ್ತದೆ. ವರ್ಷಗಟ್ಟಲೆ ಕಾವು ತಿಂದ ರಬ್ಬರ್ ಗಡುಸಾಗಿ ಬಿರುಕು ಬಿಟ್ಟಾಗ, ಅಥವಾ ತುಟಿ ಉಜ್ಜಿದ ಜಾಗದಲ್ಲಿ ಶಾಫ್ಟೇ ಸವೆದಾಗ, ಎಣ್ಣೆ ಒಸರತೊಡಗುತ್ತದೆ. ಸೀಲ್ ದೊಡ್ಡ ವಸ್ತುವಲ್ಲ. ಅದಿರುವ ಜಾಗವನ್ನು ತಲುಪುವುದೇ ದೊಡ್ಡ ಕೆಲಸ. ಆದುದರಿಂದ ಅಷ್ಟೆಲ್ಲ ಬಿಚ್ಚಿ ಕೈ ಒಮ್ಮೆ ಅಲ್ಲಿಗೆ ತಲುಪಿದ ಮೇಲೆ, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ ಎದ್ದುಬಿಡುವ ಆತುರವನ್ನು ಬದಿಗಿಟ್ಟು, ಹಳೆಯ ಸೀಲ್ ಏಕೆ ಸೋರಿತು ಎಂಬುದನ್ನು ಕಂಡುಕೊಳ್ಳಬೇಕು. ಈ ಕೆಲಸವನ್ನು ಹಲವು ಬಾರಿ ಮಾಡಿದ ನನಗೆ ಮನವರಿಕೆಯಾಗಿರುವುದು ಇದು: ಬದಲಿಸಿದ ಮೇಲೂ ಸೋರಿದ ಕಡೆಗಳಲ್ಲಿ ಹೊಸ ಸೀಲಿನದೇ ದೋಷ ಇದ್ದದ್ದು ತೀರ ಅಪರೂಪ.

ಇಲ್ಲಿ ಹೇಳುತ್ತಿರುವುದು ಶಾಫ್ಟಿನ ತುದಿಯಲ್ಲಿರುವ, ಬೆಲ್ಟ್ ಓಡಿಸುವ ಚಕ್ರವಾದ ಪುಲ್ಲಿಯ ಹಿಂದೆ ಕೂತಿರುವ ಮುಂಭಾಗದ ಸೀಲಿನ ವಿಷಯ ಮಾತ್ರ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಹಿಂಭಾಗದ ಸೀಲನ್ನು ಬದಲಿಸಲು ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕಾಗುತ್ತದೆ. ಭಾರವಾದ ಗೇರ್‌ಬಾಕ್ಸಿನ ಕೆಳಗೆ ನೆಲದ ಮೇಲೆ ಮಲಗಿ ಆ ಕೆಲಸ ಮಾಡಲು ನಾನು ಯಾರಿಗೂ ಸಲಹೆ ಕೊಡುವುದಿಲ್ಲ.

ಸೋರುತ್ತಿರುವುದು ಸೀಲೇ ಹೌದೇ?

ಎಣ್ಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ; ಕಾರು ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ತೊಟ್ಟಿಕ್ಕುವ ಜಾಗ ಮತ್ತು ಸೋರುವ ಜಾಗ ಒಂದೇ ಆಗಿರಬೇಕೆಂದಿಲ್ಲ. ವಾಲ್ವ್ ಕವರಿನ ಗ್ಯಾಸ್ಕೆಟ್, ವಾಲ್ವುಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟಿನ ಸೀಲ್, ಆಯಿಲ್ ಪ್ರೆಶರ್ ಸ್ವಿಚ್, ಆಯಿಲ್ ಫಿಲ್ಟರಿನ ಬುಡ, ಇವುಗಳಲ್ಲಿ ಯಾವುದು ಸೋರಿದರೂ ಎಣ್ಣೆ ಕೊನೆಗೆ ಕ್ರ್ಯಾಂಕ್ ಪುಲ್ಲಿಯ ಆಸುಪಾಸಿಗೇ ಬಂದು ಸೇರಬಹುದು. ಮೊದಲು ಎಂಜಿನ್ನಿನ ಮುಂಭಾಗವನ್ನು ಡಿಗ್ರೀಸರ್ ಹಾಕಿ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ಕೆಳಗಿನವರೆಗೆ ನೋಡಿಕೊಂಡು ಬನ್ನಿ. ಒದ್ದೆಯಾಗಿರುವ ಅತ್ಯಂತ ಮೇಲಿನ ಜಾಗ ಯಾವುದೋ ಅಲ್ಲಿಂದ ಹುಡುಕಾಟ ಆರಂಭವಾಗಬೇಕು. ಒಣಗಿದ ಮೇಲ್ಮೈಗೆ ಟಾಲ್ಕಂ ಪುಡಿಯನ್ನು ತೆಳುವಾಗಿ ಉದುರಿಸಿದರೆ, ಎಣ್ಣೆ ಹರಿದ ದಾರಿ ಕಪ್ಪು ಗೆರೆಯಾಗಿ ಸ್ಪಷ್ಟವಾಗಿ ಮೂಡುತ್ತದೆ.

ಕ್ರ್ಯಾಂಕ್ ಸೀಲ್ ಸೋರುತ್ತಿದೆ ಎಂಬುದಕ್ಕೆ ಅದರದೇ ಆದ ಗುರುತೊಂದಿದೆ. ಒಸರಿದ ಎಣ್ಣೆಯನ್ನು ತಿರುಗುವ ಪುಲ್ಲಿ ಸುತ್ತಲೂ ಎರಚುವುದರಿಂದ, ಪುಲ್ಲಿಯ ಒಳಮುಖದಲ್ಲಿ ಎಣ್ಣೆಯ ಬಳೆಯೂ, ಅದರ ನೇರಕ್ಕೆ ಸುತ್ತಲಿನ ಭಾಗಗಳ ಮೇಲೆ ಕಮಾನಿನಾಕಾರದ ಸಿಡಿತವೂ ಕಾಣುತ್ತದೆ. ಈ ಸಿಡಿತವಿಲ್ಲದೆ, ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿಯಾದ ಸಂಪಿನ ಅಂಚು ಮಾತ್ರ ಒದ್ದೆಯಾಗಿದ್ದರೆ, ಸಂಪಿನ ಗ್ಯಾಸ್ಕೆಟನ್ನು ಮೊದಲು ಅನುಮಾನಿಸಬೇಕು.

ಸೀಲೇ ಸೋರುತ್ತಿದೆ ಎಂದು ಖಚಿತವಾದ ಮೇಲೆ ಇನ್ನೊಂದು ಪರೀಕ್ಷೆ ಉಳಿದಿರುತ್ತದೆ. ಇದನ್ನು ಬಿಟ್ಟವರೇ ಹೆಚ್ಚು. ಪಿಸ್ಟನ್ ರಿಂಗುಗಳನ್ನು ದಾಟಿ ಕ್ರ್ಯಾಂಕ್‌ಕೇಸಿಗೆ, ಎಂದರೆ ಕ್ರ್ಯಾಂಕ್ ತಿರುಗುವ ಗೂಡಿಗೆ, ಇಳಿಯುವ ಅನಿಲವನ್ನು ಪಿಸಿವಿ (ಕ್ರ್ಯಾಂಕ್‌ಕೇಸಿನ ಅನಿಲ ಹೊರಹಾಕುವ) ವಾಲ್ವ್ ಮತ್ತು ಅದರ ಮೆದುಗೊಳವೆಗಳು ಮತ್ತೆ ಎಂಜಿನ್ನಿನ ಗಾಳಿದಾರಿಗೆ ಸೇರಿಸುತ್ತವೆ. ಆ ದಾರಿ ಮಸಿ ಮತ್ತು ಜಿಡ್ಡಿನಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ, ಆ ಒತ್ತಡ ಅತ್ಯಂತ ದುರ್ಬಲವಾದ ಸೀಲಿನ ಮೂಲಕ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಹಿಂದೊಮ್ಮೆ ನಾನೇ ಎರಡು ದಿನ ಕಷ್ಟಪಟ್ಟು ಸೀಲ್ ಬದಲಿಸಿ, ತಿಂಗಳು ತುಂಬುವುದರೊಳಗೆ ಅದೇ ಜಾಗದಲ್ಲಿ ಎಣ್ಣೆ ಕಂಡೆ. ಮತ್ತೆ ಬಿಚ್ಚಿ ನೋಡಿದಾಗ ಹೊಸ ಸೀಲಿನ ತುಟಿಯಲ್ಲಿ ಒಂದು ಗೀರೂ ಇರಲಿಲ್ಲ. ಪಿಸಿವಿ ಮೆದುಗೊಳವೆಯನ್ನು ಕಿತ್ತು ಬಾಯಿಂದ ಊದಿದರೆ ಗಾಳಿ ಆಚೆ ಹೋಗಲೇ ಇಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಇದನ್ನು ತಿಳಿಯಲು ಸುಲಭವಾದ ದಾರಿಯಿದೆ. ಬಿಸಿಯಾದ ಎಂಜಿನ್ ಐಡಲಿನಲ್ಲಿರುವಾಗ ಎಣ್ಣೆ ತುಂಬುವ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ತೆಳುವಾದ ಕಾಗದವನ್ನು ಇಟ್ಟು ನೋಡಿ. ಕಾಗದ ಮೆಲ್ಲಗೆ ಒಳಕ್ಕೆ ಅಂಟಿಕೊಂಡರೆ ವ್ಯವಸ್ಥೆ ಸರಿಯಿದೆ. ಮೇಲಕ್ಕೆ ಹಾರಿದರೆ ಸೀಲಿಗೆ ಕೈಹಾಕುವ ಮೊದಲು ಪಿಸಿವಿ ವಾಲ್ವನ್ನೂ ಮೆದುಗೊಳವೆಗಳನ್ನೂ ಸರಿಪಡಿಸಬೇಕು. ಅದಾದ ಮೇಲೂ ಒತ್ತಡ ಇಳಿಯದಿದ್ದರೆ ರಿಂಗುಗಳೇ ಸವೆದಿವೆ ಎಂದರ್ಥ, ಆಗ ಸೀಲ್ ಬದಲಾವಣೆ ತಾತ್ಕಾಲಿಕ ಪರಿಹಾರವಷ್ಟೇ.

ಸಿದ್ಧತೆ

ನಿಮ್ಮ ಎಂಜಿನ್ನಿನ ಸರ್ವಿಸ್ ಕೈಪಿಡಿ ಕೈಯಲ್ಲಿಲ್ಲದೆ ಸ್ಪ್ಯಾನರ್ ಹಿಡಿಯಬೇಡಿ. ಅದರಿಂದ ಮೂರು ಸಂಗತಿಗಳು ತಿಳಿಯಬೇಕು. ಕ್ರ್ಯಾಂಕ್ ಮತ್ತು ಕ್ಯಾಮ್ ತಾಳ ತಪ್ಪದೆ ತಿರುಗುವಂತೆ, ಎಂದರೆ ಟೈಮಿಂಗ್ ಕೆಡದಂತೆ, ಎರಡನ್ನೂ ಜೋಡಿಸಿರುವುದು ಟೈಮಿಂಗ್ ಚೈನೋ ಬೆಲ್ಟೋ ಎಂಬುದು ಮೊದಲನೆಯದು. ಚೈನ್ ಇರುವ ಎಂಜಿನ್ನುಗಳಲ್ಲಿ ಸೀಲ್ ಸಾಮಾನ್ಯವಾಗಿ ಮುಂದಿನ ಕವರಿನಲ್ಲೇ ಕೂತಿದ್ದು, ಅದರ ತುಟಿ ಪುಲ್ಲಿಯ ಕುತ್ತಿಗೆಯ ಮೇಲೆ ಓಡುತ್ತದೆ. ಪುಲ್ಲಿ ಬಿಚ್ಚಿದರೆ ಸೀಲ್ ಎದುರಿಗೇ ಕಾಣುತ್ತದೆ. ಬೆಲ್ಟ್ ಇರುವ ಎಂಜಿನ್ನುಗಳಲ್ಲಿ ಬೆಲ್ಟ್ ಮತ್ತು ಅದರ ಹಲ್ಲುಚಕ್ರ ಎರಡನ್ನೂ ತೆಗೆದ ಬಳಿಕವೇ ಸೀಲ್ ಸಿಗುತ್ತದೆ. ಹಲ್ಲುಚಕ್ರವನ್ನು ಶಾಫ್ಟಿಗೆ ಹಿಡಿದಿಡಲು ಕೀ (ಇಬ್ಬರ ತೋಡಿನಲ್ಲೂ ಕೂರುವ ಲೋಹದ ಸಣ್ಣ ತುಂಡು) ಇದೆಯೋ, ಅಥವಾ ಬೋಲ್ಟಿನ ಬಿಗಿತದಿಂದಲೇ ನಿಂತಿದೆಯೋ ಎಂಬುದು ಎರಡನೆಯದು. ಕೀ ಇಲ್ಲದ ಎಂಜಿನ್ನುಗಳಲ್ಲಿ ಆ ಒಂದು ಬೋಲ್ಟ್ ಸಡಿಲವಾದೊಡನೆ ಟೈಮಿಂಗ್ ಕೈತಪ್ಪುತ್ತದೆ. ಕ್ರ್ಯಾಂಕ್ ಮತ್ತು ಕ್ಯಾಮ್ ಎರಡನ್ನೂ ಅಲುಗದಂತೆ ಹಿಡಿಯುವ ವಿಶೇಷ ಉಪಕರಣಗಳಿಲ್ಲದೆ ಅಂಥ ಎಂಜಿನ್ನನ್ನು ಮುಟ್ಟಬಾರದು. ಮೂರನೆಯದು, ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ಕ್ರ್ಯಾಂಕ್ ಬೋಲ್ಟನ್ನು ಮರುಬಳಸಬಹುದೇ ಇಲ್ಲವೇ ಎಂಬುದು. ಬಿಗಿದ ಮೇಲೆ ಇನ್ನಿಷ್ಟು ಕೋನ ತಿರುಗಿಸಬೇಕೆಂದು ಹೇಳಿರುವ ಬೋಲ್ಟುಗಳು ಒಮ್ಮೆ ಹಿಗ್ಗಿದ ಮೇಲೆ ಸಾಮಾನ್ಯವಾಗಿ ಎರಡನೆಯ ಬಾರಿಗೆ ಬರುವುದಿಲ್ಲ.

ಹೊಸ ಸೀಲನ್ನು ಎಂಜಿನ್ನಿನ ಸಂಖ್ಯೆ ಕೊಟ್ಟು ತರಿಸಿ. ಸೀಲಿನ ಮುಖದ ಮೇಲೆ ಒಳವ್ಯಾಸ, ಹೊರವ್ಯಾಸ ಮತ್ತು ದಪ್ಪ ಎಂಬ ಅನುಕ್ರಮದಲ್ಲಿ 35×50×8 ಎಂಬಂತೆ ಮಿಲಿಮೀಟರ್ ಅಳತೆ ಅಚ್ಚಾಗಿರುತ್ತದೆ. ಅಳತೆ ಒಂದೇ ಇದ್ದ ಮಾತ್ರಕ್ಕೆ ಸೀಲ್ ಒಂದೇ ಆಗುವುದಿಲ್ಲ. ಸಾಧಾರಣ ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೆಲಸಕ್ಕೆ ಸಾಕಾದರೆ, ಎಫ್‌ಕೆಎಂ ಎಂಬ ಫ್ಲೋರೋ ರಬ್ಬರ್ 200 ಡಿಗ್ರಿಯ ಸಮೀಪದ ಕಾವನ್ನೂ ತಡೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಸ್ಪ್ರಿಂಗೇ ಇಲ್ಲದ, ಅಗಲವಾದ ತೆಳು ತುಟಿಯ ಪಿಟಿಎಫ್‌ಇ (ಟೆಫ್ಲಾನ್) ಸೀಲ್ ಬರುತ್ತದೆ. ಅದನ್ನು ಕೂರಿಸುವ ವಿಧಾನವೇ ಬೇರೆ. ಬೆಲ್ಟ್ ಎಂಜಿನ್ನಾದರೆ ಹೊಸ ಬೆಲ್ಟನ್ನೂ ಅದನ್ನು ಬಿಗಿಯಾಗಿಡುವ ಟೆನ್ಷನರನ್ನೂ ಜೊತೆಗೆ ತಂದಿಟ್ಟುಕೊಳ್ಳಿ. ಎಣ್ಣೆ ಕುಡಿದ ಬೆಲ್ಟನ್ನು ಒರೆಸಿ, ತೊಳೆದು ಮತ್ತೆ ಹಾಕುವ ಯೋಚನೆ ಬೇಡ. ಎಣ್ಣೆಗೆ ಅದರ ರಬ್ಬರ್ ಮೆತ್ತಗಾಗಿ ಹಲ್ಲು ಕಳಚುತ್ತದೆ, ಆಗ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ನೇ ಕೆಡುತ್ತದೆ.

ಸಮತಟ್ಟಾದ ಗಟ್ಟಿ ನೆಲದ ಮೇಲೆ ಕಾರು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರನ್ನು ಎತ್ತಿದ ಮೇಲೆ ಜ್ಯಾಕ್ ಸ್ಟ್ಯಾಂಡುಗಳ ಮೇಲೆ ಇಳಿಸಿ. ಬರೀ ಜ್ಯಾಕನ್ನು ನಂಬಿ ಕಾರಿನ ಅಡಿಗೆ ತಲೆ ಹಾಕಬಾರದು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಿ. ಎಂಜಿನ್ ನಿಂತಾಗ ಎಣ್ಣೆಯ ಮಟ್ಟ ಸೀಲಿಗಿಂತ ಕೆಳಗೆ ಇರುವುದರಿಂದ ಸಾಮಾನ್ಯವಾಗಿ ಎಣ್ಣೆ ಇಳಿಸಬೇಕಾಗಿಲ್ಲ. ಜಿನುಗುವ ಅಲ್ಪಸ್ವಲ್ಪವನ್ನು ಹಿಡಿಯಲು ಕೆಳಗೊಂದು ತಟ್ಟೆ ಸಾಕು.

ಪುಲ್ಲಿಯವರೆಗೆ

ಎಂಜಿನ್ ಅಡ್ಡಲಾಗಿ ಕೂತಿರುವ ಕಾರುಗಳಲ್ಲಿ ಪುಲ್ಲಿಯ ಬದಿಯ ಮುಂಚಕ್ರವನ್ನೂ ಅದರ ಹಿಂದಿನ ಪ್ಲಾಸ್ಟಿಕ್ ಮರೆಯನ್ನೂ ತೆಗೆದರೆ ಕೈಗೆ ಜಾಗ ಸಿಗುತ್ತದೆ. ಆಲ್ಟರ್ನೇಟರಿನ ಬೆಲ್ಟ್ ತೆಗೆಯುವ ಮೊದಲು ಅದು ಹಾಯ್ದುಹೋಗಿರುವ ದಾರಿಯ ಫೋಟೋ ತೆಗೆದುಕೊಳ್ಳಿ. ನಂತರದ ಕ್ರ್ಯಾಂಕ್ ಬೋಲ್ಟ್, ಇಡೀ ಕೆಲಸದಲ್ಲಿ ಅತ್ಯಂತ ಬಿಗಿಯಾಗಿರುವ ಬೋಲ್ಟ್. ಪುಲ್ಲಿ ತಿರುಗದಂತೆ ಹಿಡಿಯಲು ಅದಕ್ಕೆಂದೇ ಇರುವ ಹಿಡಿಕೆಯೋ ಫ್ಲೈವೀಲಿನ ಹಲ್ಲಿಗೆ ಕೊಡುವ ಅಡ್ಡವೋ ಉತ್ತಮ; ಕೈಗೇರಿನ ಕಾರಾದರೆ ಮೇಲಿನ ಗೇರ್ ಹಾಕಿ ಇನ್ನೊಬ್ಬರು ಬ್ರೇಕ್ ತುಳಿದು ಹಿಡಿದರೂ ಆಗುತ್ತದೆ. ಸ್ಪ್ಯಾನರನ್ನು ನೆಲಕ್ಕೋ ಚಾಸಿಗೋ ಆನಿಸಿ ಸ್ಟಾರ್ಟರ್ ತಿರುಗಿಸಿ ಬೋಲ್ಟ್ ಸಡಿಲಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಜಾರಿದ ಸ್ಪ್ಯಾನರ್ ಕೈ ಮುರಿಯಬಲ್ಲದು, ಅದರ ಗೋಜಿಗೆ ಹೋಗಬೇಡಿ. ಟೈಮಿಂಗ್ ನಿಲ್ಲಿಸುವ ಪಿನ್ನುಗಳನ್ನೂ ಈ ಬಲಕ್ಕೆ ಆಸರೆಯಾಗಿ ಬಳಸಬಾರದು, ಅವು ತುಂಡಾಗುತ್ತವೆ.

ಬೋಲ್ಟ್ ಒಮ್ಮೆ ಸಡಿಲವಾದ ಬಳಿಕ ಅದನ್ನು ಪೂರ್ತಿ ಬಿಚ್ಚದೆ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿನಲ್ಲೇ ತಿರುಗಿಸಿ ಟೈಮಿಂಗ್ ಗುರುತುಗಳನ್ನು ಹೊಂದಿಸಿಕೊಳ್ಳಬೇಕು. ಗುರುತು ಮಸುಕಾಗಿದ್ದರೆ ಬಿಳಿ ಬಣ್ಣದ ಚುಕ್ಕೆ ಇಟ್ಟುಕೊಳ್ಳಿ. ಪುಲ್ಲಿ ಅಂಟಿಕೊಂಡಿದ್ದರೆ ಪುಲ್ಲರನ್ನು ಅದರ ನಡುವಿನ ಲೋಹದ ಭಾಗಕ್ಕೇ ಬೋಲ್ಟ್ ಹಾಕಿ ಎಳೆಯಿರಿ. ಹೊರ ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ನಡುವಿನ ಭಾಗಕ್ಕೂ ಹೊರ ಬಳೆಗೂ ಮಧ್ಯೆ ಇರುವ ರಬ್ಬರ್ ಕಿತ್ತುಬರುತ್ತದೆ. ಬೆಲ್ಟ್ ಕವರ್ ತೆಗೆಯಲು ಕೆಲವು ಕಾರುಗಳಲ್ಲಿ ಎಂಜಿನ್ ಮೌಂಟನ್ನು ಬಿಚ್ಚಬೇಕಾಗುತ್ತದೆ. ಆಗ ಸಂಪಿನ ಕೆಳಗೆ ಮರದ ಹಲಗೆ ಇಟ್ಟು ಜ್ಯಾಕಿನಿಂದ ಎಂಜಿನ್ನಿಗೆ ಆಸರೆ ಕೊಡಿ. ಹಲ್ಲುಚಕ್ರದ ಹಿಂದಿನ ವಾಷರ್ ಯಾವ ಮುಖ ಹೊರಗಿತ್ತು ಎಂಬುದನ್ನು ಗಮನಿಸಿ, ಶಾಫ್ಟಿನ ಕೀಯನ್ನು ಕಳೆದುಹೋಗದಂತೆ ಎತ್ತಿಡಿ.

ಹಳೆಯ ಸೀಲ್, ಮತ್ತು ಅದರ ಹಿಂದಿನ ಶಾಫ್ಟ್

ಹಳೆಯ ಸೀಲನ್ನು ಕೀಳುವ ಮೊದಲು ಅದು ತಾನು ಕೂತಿರುವ ಗುಂಡನೆಯ ಗೂಡಿನ ಅಂಚಿನಿಂದ ಎಷ್ಟು ಒಳಗೆ ಕೂತಿದೆ ಎಂಬುದನ್ನು ವರ್ನಿಯರ್ ಕ್ಯಾಲಿಪರಿನ ಆಳದ ಕಡ್ಡಿಯಿಂದ ನಾಲ್ಕು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಸೀಲ್ ಹೊರಬಂದ ಮೇಲೆ ಈ ಅಳತೆ ಮತ್ತೆ ಸಿಗುವುದಿಲ್ಲ.

ಸೀಲ್ ಎಬ್ಬುವ ಕೊಕ್ಕೆ ಇದ್ದರೆ ಅದರ ತುದಿಯನ್ನು ತುಟಿಯ ಹಿಂದೆ ಸಿಕ್ಕಿಸಿ ಎಬ್ಬಬಹುದು. ಅದು ಒಪ್ಪದ ಜಾಗದಲ್ಲಿ, ಸೀಲಿನ ಉಕ್ಕಿನ ಮುಖಕ್ಕೆ ಎದುರುಬದುರಾಗಿ 2 ಮಿಲಿಮೀಟರಿನ ಎರಡು ತೂತು ಕೊರೆದು, ಅವುಗಳಿಗೆ ತಾನೇ ಥ್ರೆಡ್ ಕೊರೆದುಕೊಳ್ಳುವ ಸ್ಕ್ರೂ ತಿರುಗಿಸಿ, ಸ್ಕ್ರೂ ತಲೆಯನ್ನು ಇಕ್ಕಳದಿಂದ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಎಳೆಯುತ್ತ ಬಂದರೆ ಸೀಲ್ ನೇರವಾಗಿ ಹೊರಬರುತ್ತದೆ. ಡ್ರಿಲ್ ಬಿಟ್ಟಿನ ತುದಿಗೆ ಗ್ರೀಸ್ ಹಚ್ಚಿಕೊಂಡರೆ ಲೋಹದ ಪುಡಿ ಅದಕ್ಕೇ ಅಂಟಿಕೊಳ್ಳುತ್ತದೆ. ಮುಖ ದಾಟಿದ ಕೂಡಲೇ ನಿಲ್ಲಿಸಬೇಕು, ಒಳಕ್ಕೆ ನುಗ್ಗಿಸಬಾರದು. ಯಾವ ಉಪಕರಣ ಹಿಡಿದರೂ ಅದರ ಮೊನೆ ಶಾಫ್ಟನ್ನೂ ಗೂಡಿನ ಗೋಡೆಯನ್ನೂ ಮುಟ್ಟಬಾರದು. ಸ್ಕ್ರೂಡ್ರೈವರಿನಿಂದಲೇ ಎಬ್ಬುವುದಾದರೆ ಅದರ ಅಲಗಿಗೆ ನಾಲ್ಕು ಸುತ್ತು ಟೇಪ್ ಸುತ್ತಿಕೊಳ್ಳಿ. ಅಲ್ಯುಮಿನಿಯಂ ಗೂಡಿಗೆ ಬಿದ್ದ ಒಂದು ಗೀರೂ ಸೀಲಿನ ಹೊರಮೈಯನ್ನು ಸುತ್ತಿ ಎಣ್ಣೆ ಹರಿಯಲು ದಾರಿ ಮಾಡಿಕೊಡುತ್ತದೆ.

ಈಗ ಕೈ ತೊಳೆದು, ಬೆಳಕು ಹತ್ತಿರ ತಂದು, ಶಾಫ್ಟನ್ನು ನೋಡಿ. ಬಟ್ಟೆಯಿಂದ ಒರೆಸಿದ ಮೇಲೆ, ತುಟಿ ಓಡಿದ ಜಾಗದಲ್ಲಿ ಸುತ್ತಲೂ ಒಂದು ಹೊಳೆಯುವ ಗೆರೆ ಕಾಣುತ್ತದೆ. ಉಗುರನ್ನು ಶಾಫ್ಟಿನ ಉದ್ದಕ್ಕೆ ಮೆಲ್ಲಗೆ ಆ ಗೆರೆಯ ಮೇಲೆ ಎಳೆಯಿರಿ. ಉಗುರು ತಡೆಯಿಲ್ಲದೆ ಜಾರಿದರೆ ಅದು ಹೊಳಪು ಮಾತ್ರ, ಚಿಂತೆಯಿಲ್ಲ. ಉಗುರು ತೋಡಿನಲ್ಲಿ ಇಳಿದು ಸಿಕ್ಕಿಕೊಂಡರೆ ಶಾಫ್ಟ್ ಸವೆದಿದೆ, ಅದೇ ಜಾಗದಲ್ಲಿ ಓಡುವ ಹೊಸ ತುಟಿ ಬೇಗನೆ ಸೋರುತ್ತದೆ. ರಬ್ಬರ್ ಉಕ್ಕನ್ನು ಸವೆಸುವುದು ಹೇಗೆ ಎಂದು ಕೇಳುವವರಿದ್ದಾರೆ. ಎಣ್ಣೆಯೊಳಗಿನ ಸೂಕ್ಷ್ಮ ಕಣಗಳೂ ಹೊರಗಿನ ಧೂಳೂ ತುಟಿಯಲ್ಲಿ ನಾಟಿಕೊಂಡು ಉಪ್ಪುಕಾಗದದಂತೆ ತಿಕ್ಕುತ್ತ ಹೋಗುತ್ತವೆ.

ಸವೆದ ಶಾಫ್ಟಿಗೆ ಎರಡು ಪರಿಹಾರಗಳಿವೆ. ಹೊಸ ಸೀಲನ್ನು ಮೊದಲಿನ ಆಳಕ್ಕಿಂತ ಸುಮಾರು 1 ಮಿಲಿಮೀಟರ್ ಹೊರಗೋ ಒಳಗೋ ಕೂರಿಸಿದರೆ ತುಟಿ ಸವೆಯದ ಜಾಗದ ಮೇಲೆ ಓಡುತ್ತದೆ. ಆದರೆ ಒಳಕ್ಕೆ ತಳ್ಳುವಾಗ ಹಿಂದೆ ಎಣ್ಣೆ ವಾಪಸ್ಸಾಗುವ ರಂಧ್ರ ಮುಚ್ಚಿಹೋಗದಂತೆ, ಹೊರಕ್ಕೆ ತರುವಾಗ ಹಲ್ಲುಚಕ್ರವೋ ಪುಲ್ಲಿಯೋ ತಾಗದಂತೆ ನೋಡಿಕೊಳ್ಳಬೇಕು. ತೋಡು ಆಳವಾಗಿದ್ದರೆ, ಸುಮಾರು ಕಾಲು ಮಿಲಿಮೀಟರ್ ದಪ್ಪದ ಉಕ್ಕಿನ ತೋಳನ್ನು (ಸ್ಲೀವ್) ಶಾಫ್ಟಿನ ಮೇಲೆ ಹೊದಿಸುವುದು ಸರಿಯಾದ ದಾರಿ. ಅದು ಎಷ್ಟು ತೆಳುವೆಂದರೆ ಮೊದಲಿನ ಅಳತೆಯ ಸೀಲೇ ಅದರ ಮೇಲೆ ಕೂರುತ್ತದೆ. ಚೈನ್ ಎಂಜಿನ್ನಿನಲ್ಲಿ ಈ ಪರೀಕ್ಷೆಯನ್ನು ಪುಲ್ಲಿಯ ಕುತ್ತಿಗೆಯ ಮೇಲೆ ಮಾಡಬೇಕು. ಅಲ್ಲಿ ಸವೆದಿದ್ದರೆ ಪುಲ್ಲಿಗೇ ತೋಳು ಹಾಕಬಹುದು, ಇಲ್ಲವೇ ಪುಲ್ಲಿಯನ್ನೇ ಬದಲಿಸಬಹುದು.

ತೆಳುವಾದ ತುಕ್ಕು ಇದ್ದರೆ ನಯವಾದ ಎಮರಿ ಕಾಗದದ ಪಟ್ಟಿಯಿಂದ ಶಾಫ್ಟಿನ ಸುತ್ತಳತೆಯ ದಿಕ್ಕಿನಲ್ಲೇ ತಿಕ್ಕಿ ತೆಗೆಯಿರಿ. ಉದ್ದಕ್ಕೆ ತಿಕ್ಕಿದರೆ ಮೂಡುವ ಅಡ್ಡ ಗೀರುಗಳು ಶಾಫ್ಟ್ ತಿರುಗಿದಂತೆಲ್ಲ ಎಣ್ಣೆಯನ್ನು ಹೊರಗೆ ಸಾಗಿಸುತ್ತವೆ. ತಿಕ್ಕುವಾಗ ಪುಡಿ ಒಳಗೆ ಬೀಳದಂತೆ ಸಂದಿಗೆ ಬಟ್ಟೆ ತುಂಬಿ, ಮುಗಿದ ಮೇಲೆ ಅದನ್ನು ತೆಗೆದು ಶಾಫ್ಟನ್ನೂ ಗೂಡನ್ನೂ ಜಿಡ್ಡಿಲ್ಲದಂತೆ ಒರೆಸಬೇಕು.

ಹೊಸ ಸೀಲ್ ಕೂರಿಸುವುದು

ಸ್ಪ್ರಿಂಗ್ ಕಾಣುವ ಮುಖ ಎಂಜಿನ್ನಿನ ಒಳಗೆ, ಎಣ್ಣೆಯ ಕಡೆಗೆ ಇರಬೇಕು. ಹೊರಮುಖದಲ್ಲಿ ಶಾಫ್ಟ್ ತಿರುಗುವ ದಿಕ್ಕಿನ ಬಾಣವಿದ್ದರೆ ಅದನ್ನೂ ತಾಳೆ ನೋಡಿ. ರಬ್ಬರಿನ ಸ್ಪ್ರಿಂಗ್ ಸೀಲಾದರೆ ತುಟಿಗೆ ಶುದ್ಧವಾದ ಎಂಜಿನ್ ಎಣ್ಣೆಯನ್ನು ತೆಳುವಾಗಿ ಸವರಿ, ಸ್ಪ್ರಿಂಗ್ ಕೂತಿರುವ ತೋಡಿಗೆ ಒಂದಿಷ್ಟು ಗ್ರೀಸ್ ತುಂಬಿ. ಸೀಲನ್ನು ಬಡಿಯುವಾಗ ಆ ಪುಟ್ಟ ಸ್ಪ್ರಿಂಗ್ ಜಿಗಿದು ಕಳಚಿಕೊಂಡರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಪಿಟಿಎಫ್‌ಇ ಸೀಲಿನ ವಿಷಯದಲ್ಲಿ ಇದು ತಲೆಕೆಳಗು. ಆ ತುಟಿ ತನ್ನ ತೆಳು ಪದರವನ್ನು ಒಣ ಶಾಫ್ಟಿಗೆ ಮೆತ್ತಿ ಹೊಂದಿಕೊಳ್ಳಬೇಕಾದುದರಿಂದ ಎಣ್ಣೆಯನ್ನೂ ಹಚ್ಚಬಾರದು, ತುಟಿಯನ್ನು ಬೆರಳಿನಿಂದ ಮುಟ್ಟಲೂಬಾರದು. ಜೊತೆಗೆ ಬಂದ ಪ್ಲಾಸ್ಟಿಕ್ ಬಳೆಯ ಮೇಲಿಂದಲೇ ಅದನ್ನು ಶಾಫ್ಟಿಗೆ ಜಾರಿಸಬೇಕು.

ಶಾಫ್ಟಿನ ತುದಿ ಮತ್ತು ಕೀ ಕೂರುವ ತೋಡಿನ ಅಂಚುಗಳು ಚಾಕುವಿನಷ್ಟು ಹರಿತವಾಗಿರುತ್ತವೆ. ಅವುಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸುರುಳಿಯಾಗಿ ಸುತ್ತಿ, ಅದರ ಮೇಲೆ ಸೀಲನ್ನು ಜಾರಿಸಿ, ತುಟಿ ಸುರಕ್ಷಿತವಾಗಿ ದಾಟಿದ ಮೇಲೆ ಹಾಳೆಯನ್ನು ಎಳೆದುಕೊಳ್ಳಿ. ತುಟಿಯ ಒಂದು ಬದಿ ಒಳಕ್ಕೆ ಮಡಚಿಕೊಂಡಿಲ್ಲವೆಂದು ಸುತ್ತಲೂ ಕಣ್ಣಾಡಿಸಿ. ಬಳಿಕ ಸೀಲನ್ನು ಹೆಬ್ಬೆರಳುಗಳಿಂದ ಗೂಡಿನ ಬಾಯಿಗೆ ನೇರವಾಗಿ ಒತ್ತಿ, ಸೀಲಿನ ಹೊರವ್ಯಾಸಕ್ಕಿಂತ ಕೊಂಚವೇ ಚಿಕ್ಕದಾದ ಸಾಕೆಟ್ ಅಥವಾ ಬಾಯಿ ಸಮನಾಗಿ ಕತ್ತರಿಸಿದ ಪಿವಿಸಿ ಕೊಳವೆಯನ್ನು ಅದಕ್ಕೆ ಆನಿಸಿ, ಸಣ್ಣ ಸಣ್ಣ ಪೆಟ್ಟು ಕೊಡುತ್ತ ಒಳಗೆ ಇಳಿಸಿ. ಬಲ ಬೀಳಬೇಕಾದುದು ಸೀಲಿನ ಹೊರ ಅಂಚಿನ ಉಕ್ಕಿನ ಮೇಲೆ. ನಡುವಿನ ಮುಖಕ್ಕೆ ಪೆಟ್ಟು ಬಿದ್ದರೆ ಅದು ಬಟ್ಟಲಿನಂತೆ ತಗ್ಗಿ ತುಟಿ ಓರೆಯಾಗುತ್ತದೆ. ನಾಲ್ಕೈದು ಪೆಟ್ಟಿಗೊಮ್ಮೆ ನಿಲ್ಲಿಸಿ ಆಳವನ್ನು ನಾಲ್ಕೂ ಕಡೆ ಅಳೆಯಿರಿ. ನಾಲ್ಕು ಅಳತೆಗಳೂ ಒಂದೇ ಬರುವವರೆಗೆ ತಿದ್ದಬೇಕು. ಓರೆಯಾಗಿ ಕೂತ ಸೀಲಿನ ತುಟಿ ಒಂದು ಬದಿಯಲ್ಲಿ ಬೇಗ ಸವೆಯುತ್ತದೆ. ಕೈಪಿಡಿ ಹೇಳದ ಹೊರತು ಸುತ್ತಲೂ ಸಿಲಿಕೋನ್ ಮೆತ್ತಬೇಡಿ. ಅದರ ಚೂರುಗಳು ಒಳಗೆ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳಬಲ್ಲವು.

ಮರುಜೋಡಣೆ ಮತ್ತು ಪರೀಕ್ಷೆ

ಬಿಚ್ಚಿದ ಕ್ರಮಕ್ಕೆ ಹಿಂದುಮುಂದಾಗಿ ಜೋಡಿಸುತ್ತ ಬನ್ನಿ. ಕ್ರ್ಯಾಂಕ್ ಬೋಲ್ಟಿನ ಥ್ರೆಡ್ಡಿಗೆ ಎಣ್ಣೆ ಹಚ್ಚಬೇಕೇ ಒಣಗಿರಬೇಕೇ ಎಂಬುದನ್ನು ಕೈಪಿಡಿ ಹೇಳಿದಂತೆಯೇ ಪಾಲಿಸಬೇಕು, ಏಕೆಂದರೆ ಟಾರ್ಕ್ ರೆಂಚ್ ತೋರಿಸುವ ಅಂಕಿ ಒಂದೇ ಇದ್ದರೂ ಎಣ್ಣೆ ಹಚ್ಚಿದ ಬೋಲ್ಟ್ ಒಳಗೆ ಹೆಚ್ಚು ಬಿಗಿಯಾಗಿರುತ್ತದೆ. ಬೆಲ್ಟ್ ಹಾಕಿದ ಎಂಜಿನ್ನನ್ನು ಸ್ಟಾರ್ಟ್ ಮಾಡುವ ಮುನ್ನ ಕೈಯಿಂದಲೇ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಕ್ರ್ಯಾಂಕ್ ಎರಡು ಸುತ್ತು ಹೋದಾಗ ಕ್ಯಾಮ್ ಒಂದು ಸುತ್ತು ಮುಗಿಸುವುದರಿಂದ ಗುರುತುಗಳೆಲ್ಲ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲಬೇಕು. ತಿರುಗಿಸುವಾಗ ನಡುವೆ ಗಟ್ಟಿಯಾಗಿ ತಡೆದಂತಾದರೆ ಅಲ್ಲೇ ನಿಲ್ಲಿಸಿ; ಬಲ ಹಾಕಿದರೆ ವಾಲ್ವ್ ಬಾಗುತ್ತದೆ.

ಪಿಟಿಎಫ್‌ಇ ಸೀಲ್ ಹಾಕಿದ್ದರೆ ತಯಾರಕರು ಹೇಳಿದಷ್ಟು ಗಂಟೆ ಕಾದು ನಂತರ ಎಂಜಿನ್ ಓಡಿಸಿ. ಎಣ್ಣೆಯ ಮಟ್ಟ ನೋಡಿ, ಸ್ಟಾರ್ಟ್ ಮಾಡಿ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಐಡಲಿನಲ್ಲಿ ಬಿಟ್ಟು, ತಿರುಗುವ ಬೆಲ್ಟುಗಳಿಂದ ಕೈ ಮತ್ತು ಬಟ್ಟೆಯನ್ನು ದೂರವಿಟ್ಟುಕೊಂಡು ಟಾರ್ಚ್ ಬೆಳಕಿನಲ್ಲಿ ನೋಡಿ. ಮೊದಲ ದಿನ ಅಲ್ಲಲ್ಲಿ ಉಳಿದ ಹಳೆಯ ಎಣ್ಣೆ ಬಿಸಿಗೆ ಇಳಿದು ಕಾಣಿಸಬಹುದು. ಅದನ್ನು ಒರೆಸಿ, 50 ಕಿಲೋಮೀಟರ್ ಓಡಿದ ಮೇಲೊಮ್ಮೆ, 500 ಓಡಿದ ಮೇಲೊಮ್ಮೆ ಪುಲ್ಲಿಯ ಹಿಂದೆ ಒಣ ಬಿಳಿ ಬಟ್ಟೆ ಆಡಿಸಿ ನೋಡಿ. ಮೊದಲ ಬಾರಿ ಬಟ್ಟೆಗೆ ಕಪ್ಪು ಹತ್ತಿ ಎರಡನೆಯ ಬಾರಿ ಹತ್ತದಿದ್ದರೆ ಅದು ಹಳೆಯ ಜಿಡ್ಡು. ಎರಡು ಬಾರಿಯೂ ಹೊಸ ಎಣ್ಣೆಯ ಬಣ್ಣವೇ ಕಂಡರೆ, ಬೇರೇನನ್ನೂ ಬಿಚ್ಚುವ ಮೊದಲು ಪಿಸಿವಿ ಕಾಗದದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ತಟ್ಟೆಯಲ್ಲಿ ಸೇರಿದ ಹಳೆಯ ಎಣ್ಣೆಯನ್ನು ಚರಂಡಿಗೋ ಮಣ್ಣಿಗೋ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಬಳಸಿದ ಎಣ್ಣೆ ಸಂಗ್ರಹಿಸುವವರಿಗೆ ಕೊಡಿ. ಸೀಲಿನ ಸಂಖ್ಯೆ, ಅದನ್ನು ಕೂರಿಸಿದ ಆಳ, ಶಾಫ್ಟಿನ ತೋಡಿನ ಸ್ಥಿತಿ ಮತ್ತು ಆ ದಿನದ ಓಡೋಮೀಟರ್ ಅಂಕಿಯನ್ನು ಕಾರಿನ ಪುಸ್ತಕದಲ್ಲಿ ಬರೆದಿಡಿ. ಮುಂದೆ ಆ ಪುಲ್ಲಿಯನ್ನು ಬಿಚ್ಚುವವರು ಮೊದಲು ಹುಡುಕುವುದು ಆ ನಾಲ್ಕು ವಿವರಗಳನ್ನೇ.